ಬೇಚಿರಾಕ್ ಊರಿನ ದೀಪದ ಗೂಡು

ನಮ್ಮ ಊರು ಹಾಳಾದದ್ದು ಮಾರಿಯ ಕೋಪದಿಂದಲ್ಲ, ಪ್ಲೇಗಿನಿಂದಲ್ಲ, ಬಾವಿ ಬತ್ತಿದ್ದರಿಂದಲೂ ಅಲ್ಲ. ಅದೆಲ್ಲ ಬಿಟ್ಟು ಹೋದವರು ಆಮೇಲೆ ಕಟ್ಟಿಕೊಂಡ ಮಾತು. ನನ್ನ ದೊಡ್ಡವ್ವ ಗೋಡೆಯ ಒಂದು ತೂತಿಗೆ ಮಣ್ಣು ಮೆತ್ತಿದಳು. ಆ ಮಣ್ಣಿನ ಆಚೆ ಕೂತು ನಮ್ಮವ್ವ ನರಳಿದ್ದನ್ನು, ನಾನು ಕೂಗಿದ್ದನ್ನು ಕೇಳಿಸಿಕೊಂಡಳು. ಎದ್ದು ಬರಲಿಲ್ಲ. ನಮ್ಮವ್ವ ಸತ್ತಳು. ನಡೆದದ್ದು ಅಷ್ಟೇ. ಆಮೇಲೆ ಆ ಊರಿನ ಕೊನೆಯ ದೀಪವನ್ನು ಬಾಯಿಂದ ಊದಿ ಆರಿಸಿದವಳು ನಾನು. ಆಗ ನನಗೆ ಹತ್ತು ವರ್ಷ ಇರಬಹುದು. ಲೆಕ್ಕ ಇಟ್ಟವರು ಯಾರು?

ಐವತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗೆ ಮಾಡಿದ್ದು ಒಂದು ಲೆಕ್ಕದ ಪದ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ತಾನೇ ಜಿಲ್ಲೆಯಾದ ಮರುವರ್ಷ ಅದು. ನಾನು ಉಮ್ಮತ್ತೂರಿನಲ್ಲಿ, ಗಂಡನ ಮನೆಯಲ್ಲಿ ಇದ್ದೆ. ಗಂಡ ಹೋಗಿ ಬಹಳ ಕಾಲವಾಗಿತ್ತು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಒಂದೇ ಮನೆಯಲ್ಲಿ ಇನ್ನು ಆಗುವುದಿಲ್ಲ ಎಂದು ನಾಲ್ವರೂ ತೀರ್ಮಾನ ಮಾಡಿ, ನಡುಮನೆಗೆ ಅಡ್ಡಗೋಡೆ ಹಾಕಿಸಲು ಇಟ್ಟಿಗೆ ತರಿಸಿ ಅಂಗಳದಲ್ಲಿ ಪೇರಿಸಿದ್ದರು. ನನ್ನನ್ನು ಕೇಳಿದರು. ಹಾಕಿಸಿಕೊಳ್ಳಿ ಅಂದೆ. ನನಗೂ ಸಾಕಾಗಿತ್ತು. ಆ ಇಟ್ಟಿಗೆಯ ಮೇಲೆ ಬಂದು ಕೂತ ನನ್ನ ತಮ್ಮ ಮಾದಪ್ಪ. ಗುಂಡ್ಲುಪೇಟೆಯಲ್ಲಿ ಲಾರಿ ಓಡಿಸಿಕೊಂಡು ಇರುವವನು. ಹಬ್ಬಕ್ಕೆ ಕರೆದರೂ ಬರದವನು ಕರೆಯದೆ ಬಂದಿದ್ದಾನೆ ಎಂದರೆ ಏನೋ ಕೆಲಸ ಇರಬೇಕು ಅಂದುಕೊಂಡೆ. ಜೇಬಿನಿಂದ ಟೈಪ್ ಮಾಡಿದ ಕಾಗದ ತೆಗೆದ.

"ಒಂದು ಸೈನ್ ಹಾಕ್ಬುಡಕ್ಕ."

"ಏನ್ಲಾ ಇದು?"

"ನಮ್ಮ ತಂಗಡಿಪುರದ ಬಂಡ ಅದಲ್ಲ, ಅಲ್ಲಿ ಒಳ್ಳೆ ಕರಿಕಲ್ಲು ಅದಂತ. ಕ್ವಾರಿ ಮಾಡೋರು ಅರ್ಜಿ ಹಾಕವ್ರ. ಊರು ಬೇಚಿರಾಕು ಕಣಕ್ಕ, ಕೇಳೋರಿಲ್ಲ. ಅಲ್ಲಿ ಯಾರೂ ಇಲ್ಲ, ಯಾವತ್ತೂ ಇರ್ನಿಲ್ಲ ಅಂತ ನಾವು ಬರ್ದು ಕೊಟ್ರ ಮುಗೀತು. ನನ್ನ ಅಳಿಯಂಗ ಅಲ್ಲೇ ಡ್ರೈವರ್ ಕೆಲ್ಸ ಕೊಡ್ತೀವಿ ಅಂದವ್ರ."

"ಯಾವತ್ತೂ ಇರ್ನಿಲ್ವ? ಅವ್ವನ್ನ ಮಣ್ಣು ಮಾಡಿದ ಗುಡ್ಡ?"

"ಅವ್ವ ಈಗೇನು ಅಲ್ಲವ್ಳ? ಮೂಳನೂ ಮಣ್ಣಾಗಿರ್ತದ. ಬುಡು."

ಬೇಚಿರಾಕ್ ಎಂದರೆ ಏನು ಅಂದೆ. ಅದೇನೋ ಹಳೇ ಲೆಕ್ಕದ ಮಾತು, ಎಲ್ಲದಕ್ಕೂ ಅರ್ಥ ಕೇಳುತ್ತಾ ಕೂತರೆ ಕೆಲಸ ಆಗುತ್ತದೆಯೇ ಅಂದ. ನಾನು ಓದಿದ್ದು ಎರಡನೇ ಕ್ಲಾಸು. ಹಾಗಾಗಿಯೇ ಅರ್ಥ ಗೊತ್ತಿಲ್ಲದ ಪದದ ಕೆಳಗೆ ಸೈನ್ ಹಾಕುವುದಿಲ್ಲ. ಓದಿದವರು ಬೇಕಾದರೆ ಹಾಕಲಿ. ಅವನು ಮುಖ ಸಿಂಡರಿಸಿಕೊಂಡು, ಮುಂದಿನ ಸೋಮವಾರ ಆಫೀಸಿನವರು ಜಾಗ ನೋಡಲು ಬರುತ್ತಾರೆ, ಅಲ್ಲಿಗಾದರೂ ಬಾ ಎಂದು ಹೇಳಿ ಹೊರಟ. ಕೊಟ್ಟ ಕಾಫಿ ಅರ್ಧ ಬಿಟ್ಟಿದ್ದ.

ಮಾರನೆ ದಿನ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಪತ್ರ ಬರೆಯುವ ಬಾಷಾ ಸಾಬರು ನನ್ನ ಗಂಡನ ಕಾಲದಿಂದ ಗೊತ್ತು. ಕಣ್ಣು ಮಂಜಾಗಿತ್ತು. ಆದರೂ ಹಳೇ ಪತ್ರಗಳನ್ನು ಓದಬೇಕಾದರೆ ಕಚೇರಿಯವರೇ ಅವರ ಹತ್ತಿರ ಬರುತ್ತಿದ್ದರು. ಪದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅದು ಫಾರ್ಸಿ ಮಾತು ಕಣಮ್ಮ. ಬೇ ಅಂದ್ರೆ ಇಲ್ಲ. ಚಿರಾಗ್ ಅಂದ್ರೆ ದೀಪ. ನಮ್ಮೋರ ಬಾಯಲ್ಲಿ ಬಂದು ಬೇಚಿರಾಕ್ ಆಯ್ತು. ದೀಪ ಇಲ್ಲದ ಊರು."

"ಜನ ಇಲ್ದ ಊರಲ್ವ?"

"ಜನ ಹೊಲಕ್ಕೆ ಹೋಗಿರ್ತಾರೆ, ಸಂತೆಗೆ ಹೋಗಿರ್ತಾರೆ, ಕಂದಾಯ ಕೇಳ್ತಾರೆ ಅಂತ ಕಾಡಲ್ಲಿ ಕೂತಿರ್ತಾರೆ. ಹಗಲೊತ್ತು ನೋಡಿದ್ರೆ ಹೆಂಗೆ ಗೊತ್ತಾಗ್ತದೆ? ಹಿಂದಿನ ಲೆಕ್ಕದೋರು ಹೊತ್ತು ಮುಳುಗೋ ಟೈಮಿಗೆ ದಿಣ್ಣೆ ಮೇಲೆ ನಿಂತು ನೋಡೋರಂತೆ. ಒಂದು ದೀಪ ಕಂಡ್ರೆ ಊರು. ಇಲ್ಲಾಂದ್ರೆ ಬೇಚಿರಾಕ್. ನಮ್ಮ ತಾತ ಹೇಳ್ತಿದ್ರು, ನಿಜವೋ ಸುಳ್ಳೋ ಅಲ್ಲಾನೇ ಬಲ್ಲ."

ಊರು ಸತ್ತರೂ ಊರಿನ ಹೆಸರು, ನಂಬರು, ಗಡಿಕಲ್ಲು ಕಚೇರಿಯ ಪುಸ್ತಕದಲ್ಲಿ ಸಾಯುವುದಿಲ್ಲ, ಪಕ್ಕದಲ್ಲಿ ಈ ಪದ ಬರೆದು ಇಟ್ಟಿರುತ್ತಾರೆ ಎಂದೂ ಹೇಳಿದರು. ಎದ್ದು ಹೊರಟೆ. ಹಿಂದಿನಿಂದ ಕರೆದು ಇನ್ನೊಂದು ಮಾತು ಸೇರಿಸಿದರು. ಅವರ ಮನೆ ಮಾತಿನಲ್ಲಿ ಮಕ್ಕಳಿಲ್ಲದ ಮನೆಗೂ ಹಾಗೇ ಅನ್ನುತ್ತಾರಂತೆ, ದೀಪ ಇಲ್ಲದ ಮನೆ. ನಾನು ವಾಪಸ್ಸು ಬಂದು ಅವರ ಮೇಜಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ನೀರು ತರಿಸಲಾ ಅಂದರು. ಬೇಡ, ಕಾಲು ನೋವು ಅಂದೆ.

ತಂಗಡಿಪುರ ಇದ್ದದ್ದು ಗುಂಡ್ಲುಪೇಟೆ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ. ನಾನು ಕಂಡಾಗಲೇ ಐದು ಮನೆ. ಅದರಲ್ಲಿ ಮೂರು ಮನೆಯವರು ಒಬ್ಬರ ಹಿಂದೆ ಒಬ್ಬರು ಚಂದಕವಾಡಿ ಕಡೆಗೆ ನೆಂಟರ ಹತ್ತಿರ ಹೋದರು. ಉಳಿದದ್ದು ನಮ್ಮಪ್ಪ ಮತ್ತು ದೊಡ್ಡಪ್ಪನ ಮನೆ. ಅದೂ ಮೊದಲು ಒಂದೇ ಮನೆ. ಕಲ್ಲು ಮಣ್ಣಿನ ಗೋಡೆ, ಮೇಲೆ ನಾಡಹೆಂಚು, ಮುಂದೆ ಜಗಲಿ. ಒಳಗೆ ಹೋದರೆ ಬಲಕ್ಕೆ ದನ, ಎಡಕ್ಕೆ ಒಲೆ. ನಡುವೆ ನಾವು. ದನದ ಬಿಸಿ ನಮಗೆ ತಾಗುತ್ತಿತ್ತು, ಒಲೆಯ ಹೊಗೆ ದನಕ್ಕೆ ತಾಗುತ್ತಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಅಣ್ಣತಮ್ಮಂದಿರು ಪಾಲಾದರು. ಯಾಕೆ ಎಂದು ನನಗೆ ಗೊತ್ತಿಲ್ಲ. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ದೊಡ್ಡಪ್ಪ ನಡುವೆ ಗೋಡೆ ಎಬ್ಬಿಸಲು ಶುರು ಮಾಡಿದಾಗ ಅಜ್ಜಿ, ಅಂದರೆ ಅವರಿಬ್ಬರ ತಾಯಿ, ಬಂದು ಗೋಡೆ ಏಳುವ ಜಾಗದಲ್ಲೇ ಕಾಲು ಚಾಚಿ ಕೂತಳು. ಗೋಡೆ ಬೇಕಾದರೆ ಹಾಕಿಕೊಳ್ಳಿ, ಆದರೆ ನನ್ನ ಕಣ್ಣು ಮುಚ್ಚುವ ತನಕ ಈ ಮನೆಗೆ ಎರಡು ದೀಪ ಬೇಡ ಅಂದಳು. ಹಾಗಾಗಿ ಗೋಡೆಯಲ್ಲಿ, ಆಗಿನ ನನ್ನ ಎದೆಯ ಎತ್ತರಕ್ಕೆ, ಮೇಲೊಂದು ಕೆಳಗೊಂದು ಚಪ್ಪಡಿ ಕೊಟ್ಟು ಈ ಕಡೆಯಿಂದ ಆ ಕಡೆ ಕಾಣುವ ಹಾಗೆ ಆರುಪಾರು ಗೂಡು ಬಿಟ್ಟರು. ದೀಪ ಅದರ ನಡುವೆ. ಇತ್ತ ನಮ್ಮ ಒಲೆ ಕಾಣುತ್ತಿತ್ತು, ಅತ್ತ ದೊಡ್ಡವ್ವನ ಒಲೆ. ನಮ್ಮ ಮನೆಯ ಹುರುಳಿ ಸಾರಿನ ವಾಸನೆ ಅತ್ತ, ಅವರ ಮನೆಯ ಸೊಪ್ಪಿನ ವಾಸನೆ ಇತ್ತ.

ಹೊಂಗೆ ಎಣ್ಣೆಯ ಮಣ್ಣಿನ ದೀಪ, ಒಂದೇ ಮೂತಿ. ಮೂತಿ ಯಾವ ಕಡೆಗೋ ಬೆಳಕು ಆ ಕಡೆಗೆ ಹೆಚ್ಚು. ಅದಕ್ಕೂ ಅಜ್ಜಿ ಕಾನೂನು ಮಾಡಿದ್ದಳು. ಒಂದು ದಿನ ಮೂತಿ ಇತ್ತ, ಒಂದು ದಿನ ಅತ್ತ. ಮೂತಿ ಇದ್ದ ಕಡೆಯವರು ಎಣ್ಣೆ ಹಾಕಬೇಕು. ಕೇಳಲು ನೆಟ್ಟಗಿದೆ. ಆದರೆ ಮುದ್ದೆ ತಿರುವುತ್ತಾ ನಮ್ಮವ್ವ ಬೆರಳ ತುದಿಯಲ್ಲಿ ದೀಪವನ್ನು ಇಷ್ಟೇ ಇಷ್ಟು ಇತ್ತ ತಿರುಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಬಳೆ ಸದ್ದು, ದೀಪ ಅತ್ತ. ಮತ್ತೆ ಇತ್ತ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ದೀಪದ ತಳ ಚಪ್ಪಡಿಗೆ ಉಜ್ಜುವ ಸದ್ದು ಕೇಳುತ್ತಿತ್ತು.

"ಯಾವಳ್ಲೇ ಅವ್ಳು? ದೀಪನ ಏನು ರಾಗಿ ಕಲ್ಲು ಅಂದ್ಕಂಡಿದ್ದರ?"

ಇಬ್ಬರ ಕೈಯೂ ಹಿಂದಕ್ಕೆ ಹೋಗುತ್ತಿತ್ತು. ನಾನು ನಗುತ್ತಿದ್ದೆ. ಗೂಡಿನ ಆಚೆಯಿಂದ ದೊಡ್ಡವ್ವನೂ ನಗುವುದು ಕಾಣುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಗೂಡಿನೊಳಗೆ ಕೈ ತೂರಿಸಿ ನನಗೆ ಬೆಲ್ಲ ಕೊಡುತ್ತಿದ್ದಳು. ಅವ್ವನಿಗೆ ಕಾಣದ ಹಾಗೆ ಕೊಡುತ್ತಿದ್ದಳು. ಕಂಡರೂ ಅವ್ವ ಕಾಣದ ಹಾಗೆ ಇರುತ್ತಿದ್ದಳು. ಇದನ್ನು ಹೇಳದೆ ಬರೀ ಮಣ್ಣು ಮೆತ್ತಿದ್ದನ್ನು ಹೇಳಿದರೆ ನಾನು ಸುಳ್ಳಿಯಾಗುತ್ತೇನೆ.

ಅಜ್ಜಿ ಸತ್ತಳು. ಸದ್ದು ಕೇಳುವವರು ಇಲ್ಲವಾಯಿತು. ಅವ್ವ ಬಸುರಿಯಾದಳು. ನನ್ನ ಹಿಂದೆ ಎರಡು ಕೂಸು ಹೋಗಿದ್ದವು. ಹಾಗಾಗಿ ಅವಳ ಬಾಯಿ ಹುಳಿಯಾಗಿತ್ತು, ಯಾರನ್ನು ಕಂಡರೂ ಸಿಡಿಯುತ್ತಿದ್ದಳು. ಒಂದು ಸಂಜೆ ದೀಪದ ಮೂತಿ ಅತ್ತ ಇರಬೇಕಾದ ದಿನ ಅವ್ವ ಅದನ್ನು ಪೂರಾ ಇತ್ತ ತಿರುಗಿಸಿದಳು. ಆಚೆಯಿಂದ ಬಳೆ ಸದ್ದಾಗುವ ಮೊದಲೇ ಅಂದಳು:

"ಮಕ್ಳಿಲ್ದ ಮನೆಗ ಅಷ್ಟು ಬೆಳಕು ಯಾಕ್ಬೇಕು?"

ಅವತ್ತು ಬಳೆ ಸದ್ದು ಬರಲಿಲ್ಲ. ಮಾರನೆ ಬೆಳಿಗ್ಗೆ ಎದ್ದು ನೋಡಿದರೆ ಗೂಡಿನ ಆಚೆ ಬಾಯಿ ಮಣ್ಣಿನಿಂದ ಮುಚ್ಚಿತ್ತು. ಹಸಿ ಮಣ್ಣು ನಮ್ಮ ಕಡೆಗೆ ಉಬ್ಬಿ ನಿಂತಿತ್ತು. ಅವ್ವ ಅದನ್ನು ನೋಡಿದಳು. ನನಗೆ ಗಂಜಿ ಹಾಕಿದಳು. ತಪ್ಪು ಮಾತಾಡಿದೆ ಎಂದು ಅವಳಿಗೆ ಗೊತ್ತಿತ್ತು. ಹೋಗಿ ಹೇಳಲಿಲ್ಲ. ಹೇಳಬೇಕಾದರೆ ಜಗಲಿ ಇಳಿದು ಸುತ್ತಿಕೊಂಡು ಹೋಗಬೇಕಿತ್ತು. ಹತ್ತು ಹೆಜ್ಜೆ.

ಅವ್ವನಿಗೆ ನೋವು ಬಂದದ್ದು ಒಂದು ಹಗಲು. ಅಪ್ಪ, ದೊಡ್ಡಪ್ಪ ಇಬ್ಬರೂ ಎತ್ತು ಹೊಡೆದುಕೊಂಡು ಸಂತೆಗೆ ಹೋಗಿದ್ದರು. ಬೇರೆ ಬೇರೆಯಾಗಿಯೇ ಹೋಗಿದ್ದರು. ಸುತ್ತ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ಆದರೂ ದೊಡ್ಡವ್ವನನ್ನು ಕರೆಯುತ್ತಿದ್ದರು. ನಾನು ಹುಟ್ಟಿದ್ದೂ ಅವಳ ಕೈಗೇ.

"ದೊಡ್ಡವ್ವನ್ನ ಕರಿ ಪುಟ್ಟಮ್ಮಿ."

ಓಡಿ ಹೋಗಿ ಅವಳ ಬಾಗಿಲು ಬಡಿದೆ. ಒಳಗೆ ರಾಗಿ ಬೀಸುವ ಸದ್ದು. ಕರೆದೆ. ಸದ್ದು ನಿಲ್ಲಲಿಲ್ಲ. ವಾಪಸ್ಸು ಬಂದು ಗೂಡಿನೊಳಗೆ ತಲೆ ತೂರಿಸಿ, ಆ ಮಣ್ಣಿಗೆ ಬಾಯಿ ಇಟ್ಟು ಕೂಗಿದೆ. ಬೀಸುವ ಸದ್ದು ನಿಂತಿತು. ಬಂದಳು ಅಂದುಕೊಂಡು ಅವ್ವನ ಹತ್ತಿರ ಹೋದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಬೀಸಲು ಶುರು ಮಾಡಿದಳು. ಆ ನಿಂತ ಸ್ವಲ್ಪ ಹೊತ್ತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಕೂಸನ್ನು ನಾನೇ ಹಿಡಿದೆ. ಅವ್ವ ಹೇಳಿಕೊಟ್ಟ ಹಾಗೆ ಕುಡುಗೋಲಿನಿಂದ ಹೊಕ್ಕಳುಬಳ್ಳಿ ಕೊಯ್ದೆ. ಗಂಡು. ಮೂರನೇ ದಿನ ಅವ್ವ ಜ್ವರದಲ್ಲಿ ಏನೇನೋ ಮಾತಾಡಿಕೊಂಡು ಸತ್ತಳು. ಮನೆ ಹಿಂದಿನ ಕಣಗಿಲೆ ಗಿಡದ ಹತ್ತಿರ ಮಣ್ಣು ಮಾಡಿದರು. ಅವತ್ತು ದೊಡ್ಡವ್ವ ಬಂದಳು. ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಹೋಗಿ, ಮೇಕೆ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸಿ ಹದಿನೈದು ದಿನ ಉಳಿಸಿದಳು. ಹದಿನಾರನೇ ದಿನ, ಇದನ್ನು ನನಗೇ ಕೊಡು ಅಂದಳು. ಅಪ್ಪ ಅವಳ ಮಡಿಲಿಂದ ಕಿತ್ತುಕೊಂಡು ಬಂದ. ಆ ತಿಂಗಳು ಮುಗಿಯುವ ಮೊದಲೇ ದೊಡ್ಡಪ್ಪ, ದೊಡ್ಡವ್ವ ಗಾಡಿ ಕಟ್ಟಿ ಸಂತೆಮರಹಳ್ಳಿಗೆ, ಅವಳ ತವರಿಗೆ ಹೊರಟರು. ಮತ್ತೆ ನಾನು ಅವಳ ಮುಖ ನೋಡಲಿಲ್ಲ. ಅಲ್ಲೇ ಸತ್ತಳು ಎಂದು ಬಹಳ ದಿನದ ಮೇಲೆ ಯಾರೋ ಹೇಳಿದರು.

ಎರಡು ತಿಂಗಳಿಗೆ ನಾವೂ ಹೊರಟೆವು. ಮನೆ ಬಿಟ್ಟು ಹೋಗುವವರು ದೀಪಕ್ಕೆ ತುಂಬ ಎಣ್ಣೆ ಹಾಕಿ, ಉರಿಯುತ್ತಿರುವಾಗಲೇ ಬಾಗಿಲು ಎಳೆದುಕೊಂಡು, ತಿರುಗಿ ನೋಡದೆ ಹೋಗಬೇಕು. ಅದು ನಮ್ಮ ಪದ್ಧತಿ. ಎಣ್ಣೆ ಮುಗಿದು ಅದು ತಾನೇ ಆರುತ್ತದೆ, ಆರಿಸಿದೆವು ಎಂಬ ಮಾತು ಯಾರ ಮೇಲೂ ಬರುವುದಿಲ್ಲ. ಅಪ್ಪ ಹಾಗೇ ಮಾಡಿದ. ಗಾಡಿಯ ಹತ್ತಿರ ಹೋದ ಮೇಲೆ, ಕೂಸಿನ ಬಟ್ಟೆ ಮರೆತೆ ಎಂದು ಸುಳ್ಳು ಹೇಳಿ ನಾನು ಒಳಗೆ ಓಡಿ ಬಂದೆ. ಬಾಯಿಂದ ಊದಿದೆ. ಎಣ್ಣೆಯನ್ನು ಸೀಸೆಗೆ ಬಗ್ಗಿಸಿಕೊಂಡೆ. ಯಾರೂ ಇಲ್ಲದ ಮನೆಯಲ್ಲಿ ಇಷ್ಟು ಎಣ್ಣೆ ಯಾಕೆ ಸುಡಬೇಕು ಅನ್ನಿಸಿತು, ಅವ್ವ ಇದ್ದಿದ್ದರೆ ಬೈಯುತ್ತಿದ್ದಳು ಅನ್ನಿಸಿತು. ಗುಂಡ್ಲುಪೇಟೆಯ ಬಾಡಿಗೆ ಕೋಣೆಯಲ್ಲಿ ಅದೇ ಎಣ್ಣೆಯಿಂದ ದೀಪ ಹಚ್ಚಿದೆ. ಎಣ್ಣೆ ಎಲ್ಲಿಯದು ಎಂದು ಅಪ್ಪ ಕೇಳಿದ. ಹೇಳಿದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಮುದ್ದೆಯನ್ನು ಹಾಗೇ ಬಿಟ್ಟು ಎದ್ದ. ಆಮೇಲೆ ಸಾಯುವ ತನಕ ದೀಪ ಹಚ್ಚು ಎಂದು ನನಗೆ ಒಂದು ದಿನವೂ ಹೇಳಲಿಲ್ಲ. ತಾನೇ ಹಚ್ಚುತ್ತಿದ್ದ. ನಾನು ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಆದದ್ದು ಆ ಕೋಣೆಯಲ್ಲಿಯೇ. ಗೋಡೆಗೆ ಮಾತಾಡುವವರ ನಡುವೆ, ಮಾತೇ ಆಡದವನ ಕೈಯಲ್ಲಿ ಬೆಳೆದವಳು ಇನ್ನು ಹೇಗಾಗುತ್ತಾಳೆ?

ಸೋಮವಾರ ತಂಗಡಿಪುರಕ್ಕೆ ಹೋದೆ. ಕಂದಾಯದ ಆರ್‌ಐ, ಕಲ್ಲಿನವರ ಕಡೆಯ ಒಬ್ಬ, ನನ್ನ ತಮ್ಮ ಬಂದಿದ್ದರು. ಮನೆ ಬಿದ್ದಿತ್ತು. ನಡುಗೋಡೆ ಮಾತ್ರ ಸೊಂಟಕ್ಕಿಂತ ಮೇಲೆ ನಿಂತಿತ್ತು, ಕುರಿಯವರು ಅದಕ್ಕೆ ತೆಂಗಿನ ಗರಿ ಒರಗಿಸಿಕೊಂಡು ನೆರಳಿಗೆ ಕೂರುತ್ತಿದ್ದರಂತೆ. ಚಪ್ಪಡಿಯ ನಡುವೆ ಗೂಡು ಹಾಗೇ ಇತ್ತು. ನಮ್ಮ ಕಡೆ ಹೊಗೆ ಮೆತ್ತಿ ಕಪ್ಪಾಗಿತ್ತು. ನಾನು ಸುತ್ತಿಕೊಂಡು ಆಚೆ ಹೋದೆ. ಮಣ್ಣು ಮೆತ್ತಿದ ಮೇಲೆ ಆ ಕಡೆಯಿಂದ ನಾನು ಆ ಗೋಡೆಯನ್ನು ನೋಡಿದ್ದೇ ಇಲ್ಲ. ಒಣಗಿ ಕಲ್ಲಾಗಿದ್ದ ಮಣ್ಣಿನ ಮೇಲೆ ದೊಡ್ಡವ್ವನ ಐದು ಬೆರಳೂ ಮೂಡಿದ್ದವು. ಅದರ ನಡುವೆ ಒಂದು ಸಣ್ಣ ತೂತು, ಕಡ್ಡಿ ಹಾಕಿ ಕೊರೆದ ಹಾಗೆ. ಬಗ್ಗಿ ಕಣ್ಣಿಟ್ಟೆ. ನೇರವಾಗಿ ಅವ್ವ ಮಲಗುತ್ತಿದ್ದ ಜಾಗ ಕಾಣುತ್ತದೆ. ಬೀಸುವುದು ನಿಲ್ಲಿಸಿ ಅವಳು ಮಾಡಿದ್ದು ಇದು. ನೋಡಿದ್ದಾಳೆ. ನೋಡಿಯೂ ಹೋಗಿ ರಾಗಿ ಕಲ್ಲಿನ ಮುಂದೆ ಕೂತಿದ್ದಾಳೆ. ಹುಳು ಕೊರೆದದ್ದು ಇರಬಹುದು ಎಂದು ತಮ್ಮ ಆಮೇಲೆ ಅಂದ. ಇರಬಹುದು. ನಾನು ಜಗಳಕ್ಕೆ ಹೋಗಲಿಲ್ಲ.

ಆರ್‌ಐ ಬಿಸಿಲಿಗೆ ಬೇಜಾರಾಗಿದ್ದರು.

"ಅಜ್ಜಿ, ಈಗ ಇಲ್ಲಿ ಯಾರಾದ್ರೂ ವಾಸ ಇದಾರಾ?"

"ಇಲ್ಲ ಬುದ್ಧಿ."

"ಅಂದ್ಮೇಲೆ ಬೇಚಿರಾಕ್ ತಾನೆ?"

"ಬರ್ಕಳಿ. ದೀಪ ಕೆಡ್ಸಿದ್ದು ನಾನೇಯ. ಆದ್ರ ಯಾವತ್ತೂ ಯಾರೂ ಇರ್ನಿಲ್ಲ ಅಂತ ಬರೀಬ್ಯಾಡಿ. ನಮ್ಮವ್ವನ ಗುಡ್ಡ ಅದ ಅಲ್ಲಿ."

"ನಿಮ್ಮವ್ವಂದೇ ಅಂತ ಹೆಂಗೆ ಹೇಳೋದು? ಮಗನೇ ನನಗೇನೂ ಗೊತ್ತಿಲ್ಲ ಅಂತಾರೆ. ಮದುವೆ ಆಗಿ ಹೋದ ನೀವು ಇದೆ ಅಂತೀರಿ. ಮಗನ ಸೈನ್ ಇಲ್ಲದೆ ನಾನು ನಕ್ಷೆಗೆ ಹಾಕಕ್ಕಾಗಲ್ಲ."

ತಮ್ಮ ನೆಲ ನೋಡುತ್ತಿದ್ದ. ಅವ್ವ ಸತ್ತಾಗ ಅವನಿಗೆ ಎರಡು ವರ್ಷ ಎಂದು ಅಪ್ಪ ಅವನಿಗೆ ಹೇಳಿದ್ದ. ಆ ಸುಳ್ಳನ್ನು ನಾನೂ ಕಾಯ್ದುಕೊಂಡು ಬಂದಿದ್ದೆ. ಅವತ್ತು ಅದನ್ನು ಒಡೆಯದೆ ದಾರಿ ಇರಲಿಲ್ಲ. ಅವ್ವನ ಮೇಲೆ ಲಾರಿ ಓಡಬಾರದು, ಅಷ್ಟೇ ನನಗೆ ಬೇಕಿದ್ದದ್ದು.

"ಮಾದ, ಇಲ್ಲೇ ಕಣ್ಲಾ ನೀ ಹುಟ್ಟಿದ್ದು. ಈ ಗೋಡ ಬುಡದಲ್ಲಿ. ನಾನೇ ಹಿಡ್ಕಂಡೆ. ಮೂರ್ ದಿನಕ್ಕ ಅವ್ವ ಹೋದ್ಲು."

"ಮೂರ್ ದಿನಾ? ಎರಡು ವರ್ಸ ಅಂದಿದ್ದ ಅಪ್ಪ."

"ಸುಳ್ಳು."

"ಯಾಕ ಅಂಗಂದ?"

"ತಾಯ್ನ ತಿನ್ಕಂಡು ಹುಟ್ಟಿದೋನು ಅಂತ ನಿನ್ನ ಯಾರೂ ಅನ್ಬಾರ್ದು ಅಂತ."

ಕಲ್ಲಿನವರ ಕಡೆಯವನು ಕೆಮ್ಮಿದ. ನನ್ನ ತಮ್ಮ ಐವತ್ತು ವರ್ಷದವನು, ತಲೆ ನರೆತವನು, ಕಣಗಿಲೆ ಗಿಡದ ಕಡೆ ನೋಡುತ್ತಾ ಚಪ್ಪಲಿ ಬಿಟ್ಟ. ಅಲ್ಲಿಗೆ ಹೋಗಲಿಲ್ಲ, ಚಪ್ಪಲಿ ಬಿಟ್ಟು ನಿಂತ. ಆಮೇಲೆ ಆರ್‌ಐ ಬರೆದು ಮುಗಿಸಿದಾಗ ಅವರ ಕೈಯಿಂದ ಪೆನ್ನು ಇಸಿದುಕೊಂಡ. ಏನು ಬರೆದಿರಿ ಎಂದು ನಾನು ಎರಡು ಸಲ ಓದಿಸಿದೆ. ಗ್ರಾಮ ಬೇಚಿರಾಕ್. ಹಿಂದೆ ಮನೆ ಇದ್ದ ಕುರುಹು ಉಂಟು. ಒಂದು ಸಮಾಧಿ ಉಂಟು, ಸದರಿ ಮೃತರ ಮಗ ಗುರುತಿಸಿರುತ್ತಾರೆ. ಅವನು ಸೈನ್ ಹಾಕಿದ. ನಾನೂ ಹಾಕಿದೆ. ಕಲ್ಲಿನವರು ಬಂಡೆಯ ಆಚೆ ಮಗ್ಗುಲಿಗೆ ಹೋದರು ಎಂದು ಆಮೇಲೆ ತಿಳಿಯಿತು. ಅವನ ಅಳಿಯನಿಗೆ ಕೆಲಸ ಸಿಗಲಿಲ್ಲ. ವಾಪಸ್ಸು ಬರುವಾಗ, ಚಾಮರಾಜನಗರದಲ್ಲಿ ಕೆಲಸವಿದೆ ಎಂದು ತಮ್ಮನೂ ಅದೇ ಬಸ್ಸು ಹತ್ತಿ ಬೇರೆ ಸೀಟಿನಲ್ಲಿ ಕೂತ. ಇಳಿಯುವಾಗ ಮಾತ್ರ ನನ್ನ ಹತ್ತಿರ ಬಂದು ನಿಂತು, "ನನ್ನ ಹಿಡ್ಕಂಡಾಗ ನಿನಗ ಎಷ್ಟು ವರ್ಸ?" ಅಂದ. ಹತ್ತು ಅಂದೆ. ಇಳಿದು ಹೋದ.

ಮಾರನೆ ಬೆಳಿಗ್ಗೆ ನಾನು ಎದ್ದು ಹಲ್ಲುಜ್ಜುವ ಹೊತ್ತಿಗೆ ಗಾರೆಯವನು ಬಂದು ನಡುಮನೆಯಲ್ಲಿ ದಾರ ಕಟ್ಟುತ್ತಿದ್ದ. ನಾನು ಹೋಗಿ ದಾರದ ಪಕ್ಕ ನಿಂತು, ನನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿ, ಈ ಎತ್ತರಕ್ಕೆ ಎರಡು ಇಟ್ಟಿಗೆ ಬಿಟ್ಟು ಕಟ್ಟು, ಆಚೆಯಿಂದ ಈಚೆಗೆ ಆರುಪಾರು ಇರಲಿ ಅಂದೆ. ಬೆಕ್ಕು ಬರುತ್ತದೆ ಎಂದು ದೊಡ್ಡ ಸೊಸೆ ಅಂದಳು. ಟೀವಿ ಸದ್ದು ಬರುತ್ತದೆ ಎಂದು ಚಿಕ್ಕ ಸೊಸೆ ಅಂದಳು.

"ಬರ್ಲಿ," ಅಂದೆ. ಅವನು ಕಟ್ಟಿ ಮುಗಿಸುವ ತನಕ ಸ್ಟೂಲು ಹಾಕಿಕೊಂಡು ಅಲ್ಲೇ ಕೂತಿದ್ದೆ.